ಹತರಾದವರ ಉತ್ತರಕ್ರಿಯೆ: ನಮ್ಮ ಗಡಿನಾಡಿನ ನಂಬಿಕೆಗಳ ಒಂದು ಅವಲೋಕನ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಪ್ರದೇಶದ ಜನಪದ ನಂಬಿಕೆಗಳನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ಯಕ್ಷಗಾನ, ಆಟಿ ಕಳಂಜ, ಕಂಬಳ ಮೊದಲಾದ ವಿಷಯಗಳು ಸಹಜವಾಗಿಯೇ ಮನಸ್ಸಿಗೆ ಬಂದವು. ಅವುಗಳ ಬಗ್ಗೆ ನನಗಿಂತ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಕೊಲೆಯಾಗಿ ಸತ್ತವರನ್ನು ನಮ್ಮ ಹಿರಿಯರು ಹೇಗೆ ಕಳುಹಿಸಿಕೊಟ್ಟರು, ಕಳುಹಿಸಲಾಗದವರನ್ನು ಹೇಗೆ ಉಳಿಸಿಕೊಂಡರು ಎಂಬುದರ ಕುರಿತು ಬರೆದವರು ಕಡಿಮೆ. ಶುಭ ಸಂದರ್ಭಕ್ಕೆ ಈ ವಿಷಯ ಒಪ್ಪದೆಂದು ಕೆಲವರಿಗೆ ತೋರಬಹುದು. ಆದರೂ ಚಂದ್ರಗಿರಿಯ ಆಚೆ ಈಚೆ ಬಾಳಿದ ನಾವು ವರ್ಷವರ್ಷವೂ ಕೈಮುಗಿಯುವ ದೈವಗಳಲ್ಲಿ ಕೆಲವು ಇಂತಹ ಸಾವಿನಿಂದಲೇ ಹುಟ್ಟಿದವು ಎಂಬುದನ್ನು ಮರೆಯುವಂತಿಲ್ಲ.

ಮೊದಲು ಶಾಸ್ತ್ರದ ಮಾತು. ಧರ್ಮಶಾಸ್ತ್ರಗಳು ಸಾವನ್ನು ಒಂದೇ ಬಗೆಯದೆಂದು ಎಣಿಸಿಲ್ಲ. ಆಯುಸ್ಸು ತೀರಿ ಮನೆಯಲ್ಲಿ ಮಡಿದವರಿಗೆ ಒಂದು ವಿಧಿ. ನೀರು, ಬೆಂಕಿ, ಹಾವು, ಆಯುಧಗಳಿಂದ ಸತ್ತವರಿಗೆ ಇನ್ನೊಂದು. ಎರಡನೆಯದನ್ನು ದುರ್ಮರಣವೆಂದು ಕರೆದು, ಅದಕ್ಕೆ ನಾರಾಯಣಬಲಿಯನ್ನು ವಿಧಿಸಿದರು. ಗೋಕರ್ಣಕ್ಕೆ ಹೋಗಿ ಈ ಕರ್ಮವನ್ನು ಮಾಡಿಸಿ ಬರುವ ಕುಟುಂಬಗಳು ಈಗಲೂ ಇವೆ. ಭಾದ್ರಪದ ಕೃಷ್ಣಪಕ್ಷದ ಹದಿನೈದು ದಿನಗಳಲ್ಲಿ ಚತುರ್ದಶಿಯೊಂದನ್ನು ಶಸ್ತ್ರದಿಂದ ಹತರಾದವರಿಗೆಂದೇ ತೆಗೆದಿರಿಸಲಾಗಿದೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ ಈ ಮಾತಿದೆ. ನಮ್ಮ ಪಂಚಾಂಗಗಳಲ್ಲಿ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ 'ಘಾತ ಚತುರ್ದಶಿ' ಎಂದು ಮುದ್ರಿತವಾಗಿರುವುದನ್ನು ಓದುಗರು ನೋಡಿರಬಹುದು. ಉಳಿದ ಪಿತೃಗಳೊಡನೆ ಕುಳಿತು ಉಣ್ಣಲಾರದವನಿಗೆ ಒಂದು ದಿನವನ್ನಾದರೂ ಬೇರೆಯಾಗಿ ಕೊಟ್ಟರಲ್ಲ ಎಂದು ನನಗೆ ಅನಿಸುವುದುಂಟು.

ತುಳುನಾಡಿನ ಒಕ್ಕಲು ಮನೆಗಳ ರೂಢಿ ಇದಕ್ಕಿಂತ ಭಿನ್ನ. ಇಲ್ಲಿ ಸತ್ತವರೆಲ್ಲರೂ 'ಕುಲೆ'ಗಳು. ಬೊಜ್ಜದ ದಿನ ಅವರನ್ನು ಹಿರಿಯರ ಸಾಲಿಗೆ ಸೇರಿಸಿದ ಮೇಲೆ, ಆಟಿ ತಿಂಗಳಲ್ಲಿಯೂ ದೀಪಾವಳಿಯ ಪರ್ಬದಲ್ಲಿಯೂ ಬಾಳೆಲೆಯಿಟ್ಟು ಬಡಿಸುತ್ತಾರೆ. ಕೋಳಿಯ ಪದಾರ್ಥ, ದೋಸೆ, ಕಡುಬು ಬಡಿಸಿ, ದೀಪವಿಟ್ಟು, ಬಾಗಿಲನ್ನು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ಕ್ರಮ. 'ಕುಲೆ' ಎಂಬ ತುಳು ಶಬ್ದವನ್ನು ಕನ್ನಡದ 'ಕೊಲೆ'ಯೊಂದಿಗೆ ತಳಕು ಹಾಕುವವರಿದ್ದಾರೆ. ಧ್ವನಿಸಾಮ್ಯವನ್ನು ನಂಬಿ ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಹಾಸಿಗೆಯಲ್ಲಿ ನಿದ್ದೆ ಹೋದಂತೆ ತೀರಿಕೊಂಡ ಅಜ್ಜಿಯೂ ಕುಲೆಯೇ ಆಗುತ್ತಾಳೆ. ಮದುವೆಯಾಗದೆ ಸತ್ತವರಿಗೆ ಮದುವೆಯನ್ನೇ ಮಾಡಿಸುವ 'ಕುಲೆ ಮದಿಮೆ' ನಮ್ಮಲ್ಲಿ ಇಂದಿಗೂ ಉಂಟು. ಇಲ್ಲಿನ ನಂಬಿಕೆಯಂತೆ ಸತ್ತವರನ್ನು ಬಾಧಿಸುವುದು ಪಾಪಕ್ಕಿಂತ ಹೆಚ್ಚಾಗಿ ಅಪೂರ್ಣತೆ. ಕೊಲೆಯಾದವನಲ್ಲಿ ಉಳಿಯುವುದೂ ಅದೇ. ಅವನಿಗೆ ಬರಬೇಕಾದುದೊಂದು ಬಂದಿಲ್ಲ, ಬಹುತೇಕ ಅದು ನ್ಯಾಯ.

ಬಾಕಿ ಉಳಿದ ಈ ನ್ಯಾಯವು ದೈವವಾಗಿ ನಿಂತ ಪರಿಯನ್ನು ಅರಿಯಲು ನೀಲೇಶ್ವರದ ಪಾಲಂದಾಯಿ ಕಣ್ಣನ ಕಥೆಗಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಜಿಲ್ಲೆಯಲ್ಲಿಲ್ಲ. ಕಣ್ಣನು ತೀಯ ಸಮುದಾಯದ ಬಡ ಹುಡುಗ. ಕುರುವಾಟ್ ಕುರುಪ್ ಎಂಬ ಪ್ರಬಲನ ಮನೆಯ ದನಗಳನ್ನು ಕಾಯುವವನು. ಮಾವಿನ ಮರವನ್ನೇರಿ ಹಣ್ಣು ತಿನ್ನುತ್ತಿದ್ದಾಗ ಕಚ್ಚಿದ ಹಣ್ಣೊಂದು ಕೈಜಾರಿ ಕುರುಪನ ಸೊಸೆಯ ಮೈಮೇಲೆ ಬಿತ್ತು. ಅಪರಾಧ ಅಷ್ಟೇ. ಪ್ರಾಣಭಯದಿಂದ ಕಣ್ಣನು ಉತ್ತರಕ್ಕೆ ಓಡಿ ಮಂಗಳೂರಿನ ಕಡೆಯ ಕೋಯಿಲ್ ಕುಡುಪಾಡಿಯನ್ನು ಸೇರಿದ. ಅಲ್ಲೊಬ್ಬ ಮುದುಕಿ ಅವನಿಗೆ ಅನ್ನ, ಆಶ್ರಯಗಳನ್ನು ಕೊಟ್ಟಳು. ಆ ಮನೆಯ ವಿಷ್ಣುಸಾನ್ನಿಧ್ಯಕ್ಕೆ ದೀಪ ಹಚ್ಚುತ್ತ ಹನ್ನೆರಡು ವರ್ಷ ಕಳೆದನೆಂದು ಕಥೆ ಹೇಳುತ್ತದೆ. ಊರಿನ ನೆನಪು ತಾಳಲಾರದೆ ಹೊರಟಾಗ ಮುದುಕಿ ಅವನ ಕೈಗೆ ಒಂದು ಚುರಿಕೆಯನ್ನೂ ಒಂದು ಓಲೆಕೊಡೆಯನ್ನೂ ಕೊಟ್ಟಳು. ಅವನು ಹೊಳೆಗಳನ್ನು ದಾಟಿ ನೀಲೇಶ್ವರಕ್ಕೆ ಬಂದು, ದಾರಿಯ ದಣಿವು ಕಳೆಯಲು ಕೆರೆಗಿಳಿದ. ಚುರಿಕೆ, ಕೊಡೆಗಳು ದಡದ ಮೇಲಿದ್ದವು. ಸುದ್ದಿ ತಿಳಿದ ಕುರುಪ್ ಬಂದು ಅಲ್ಲಿಯೇ ಅವನನ್ನು ಕಡಿದ.

ಮುಂದಿನದು ಹೆಚ್ಚು ಗಮನಾರ್ಹ. ಕುರುಪನ ಮನೆಯಲ್ಲಿ ರೋಗ, ದನಗಳ ಸಾವು, ರಾತ್ರಿಯ ಭೀತಿ. ಪ್ರಶ್ನೆಯಿಟ್ಟಾಗ ಕಂಡುಬಂದುದು, ಕಣ್ಣನೊಂದಿಗೆ ನರಸಿಂಹರೂಪಿಯಾದ ವಿಷ್ಣುವಿನ ಚೈತನ್ಯವೂ ಬಂದಿದೆ ಎಂಬುದು. ಕೊನೆಗೆ ಕೊಂದವನೇ ಸ್ಥಾನವನ್ನು ಕಟ್ಟಿಸಿ, ಕೋಲವನ್ನು ನಡೆಸಿ, ಕೊಲ್ಲಲ್ಪಟ್ಟವನ ಮುಂದೆ ಕೈಮುಗಿದು ನಿಲ್ಲಬೇಕಾಯಿತು. ನೀಲೇಶ್ವರದ ಕೋಟ್ಟಪ್ಪುರಂ ಕ್ಷೇತ್ರವೇ ವಿಷ್ಣುಮೂರ್ತಿ ದೈವದ ಮೂಲವೆಂದು ಮಲಯಾಳಿಗಳು ಹೇಳುತ್ತಾರೆ. ಚಂದ್ರಗಿರಿಯಿಂದ ಉತ್ತರಕ್ಕೂ, ಸುಳ್ಯದ ಕಡೆಗೂ ಇದೇ ದೈವ ಒತ್ತೆಕೋಲವಾಗಿ ನಡೆಯುತ್ತದೆ. ನಸುಕಿನಲ್ಲಿ ತೆಂಗಿನ ಎಳೆಗರಿಯ ಉಡುಗೆ ತೊಟ್ಟು ದೈವವು ಮೇಲೇರಿಯ ಕೆಂಡದ ರಾಶಿಗೆ ಹಾರುವುದನ್ನು ನಾವೆಲ್ಲರೂ ಬಾಲ್ಯದಲ್ಲಿ, ಅರ್ಧ ನಿದ್ದೆಯಲ್ಲಿ, ಅಪ್ಪನ ಹೆಗಲ ಮೇಲಿಂದ ಕಂಡವರೇ. ಅದು ನೀರಿನ ದಡದಲ್ಲಿ ಹತನಾದ ಹುಡುಗನೊಬ್ಬನ ಕಥೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಪಾಡುವ ತೋಟ್ಟಂ ಮಲಯಾಳದಲ್ಲಿದ್ದುದರಿಂದ ಕನ್ನಡದ ಮಕ್ಕಳಾದ ನಮಗೆ ಅರ್ಥವೂ ಆಗುತ್ತಿರಲಿಲ್ಲ.

ಇನ್ನೂ ದಕ್ಷಿಣಕ್ಕೆ ಹೋದರೆ ಕಡಾಂಗೋಟ್ಟ್ ಮಾಕ್ಕಂ. ಕುಞ್ಞಿಮಂಗಲದವಳು, ಹನ್ನೆರಡು ಅಣ್ಣಂದಿರ ಒಬ್ಬಳೇ ತಂಗಿ. ಅತ್ತಿಗೆಯರ ಅಪವಾದವನ್ನು ನಂಬಿದ ಅಣ್ಣಂದಿರು ಅವಳನ್ನೂ ಅವಳ ಅವಳಿ ಮಕ್ಕಳನ್ನೂ ದಾರಿಯಲ್ಲಿ ಬಾವಿಯೊಂದರ ಬಳಿ ಕೊಂದರು. ಕಣ್ಣೂರಿನ ಬಳಿಯ ಚಾಲದಲ್ಲಿ ಅವಳ ತೆಯ್ಯಂ ಮಕ್ಕಳ ಸಹಿತವಾಗಿಯೇ ಬರುತ್ತದೆ.

ನಮ್ಮ ತುಳು ಪಾಡ್ದನಗಳು ಇಂತಹವರನ್ನು 'ಸತ್ತರು' ಎನ್ನುವುದಿಲ್ಲ, 'ಮಾಯವಾದರು' ಎನ್ನುತ್ತವೆ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸಿದ. ಅವನು ಉಳಿದ ಕೈಯಿಂದಲೇ ವೇಣೂರಿನ ಗೊಮ್ಮಟನನ್ನು ಕಡೆದ. ಬಳಿಕ ತಂಗಿ ಕಲ್ಲುರ್ಟಿಯೊಂದಿಗೆ ಮಾಯವಾಗಿ ಅರಸನನ್ನು ಕಾಡಿದ ಎಂಬ ಕಥೆ ಪ್ರಸಿದ್ಧ. ಶಾಸನಗಳ ಪ್ರಕಾರ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 172 ವರ್ಷಗಳಿವೆ! ಇದನ್ನು ತೋರಿಸಿ ಪಾಡ್ದನ ಸುಳ್ಳೆಂದು ವಾದಿಸುವವರನ್ನು ಕಂಡಿದ್ದೇನೆ. ಪಾಡ್ದನಕ್ಕೆ ಇಸವಿಯ ಲೆಕ್ಕ ಬೇಕಾಗಿಲ್ಲ, ಕೈ ಕಳೆದುಕೊಂಡವನ ಲೆಕ್ಕವಷ್ಟೇ ಬೇಕು. ಇಂತಹ ಪಾಡ್ದನಗಳನ್ನು ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಬರ್ನೆಲ್ ಸಂಗ್ರಹಿಸಿದ್ದವು ಅವರ ಮರಣಾನಂತರ 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟವಾದವು. ಕನ್ನಡದಲ್ಲಿ ಚಿನ್ನಪ್ಪ ಗೌಡರ 'ಭೂತಾರಾಧನೆ' ಓದತಕ್ಕ ಗ್ರಂಥ.

ಇಂದು ಕೊಲೆಯಾದವರ ಶವ ಮೊದಲು ಪೊಲೀಸರ ಮಹಜರಿಗೂ ಆಸ್ಪತ್ರೆಯ ಮರಣೋತ್ತರ ಪರೀಕ್ಷೆಗೂ ಒಳಪಡುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು. ಹೊಲಿದು ಸುತ್ತಿ ತಂದ ದೇಹವನ್ನು ಮೀಯಿಸುವಂತಿಲ್ಲ. ತಲೆಗೆ ನಾಲ್ಕು ಹನಿ ನೀರು ಬಿದ್ದರೆ ಅದೇ ಸ್ನಾನ. ನಾನು ಕಂಡ ಮನೆಗಳಲ್ಲಿ ಅಂತಹ ದೇಹವನ್ನು ಒಳಗೆ ತಾರದೆ ಅಂಗಳದಿಂದಲೇ ಒಯ್ದರು. ತಾಯಂದಿರಿಗೆ ಇದರಿಂದಾಗುವ ನೋವನ್ನು ವಿವರಿಸಲು ಅಧ್ಯಯನ ಲೇಖನದ ಭಾಷೆ ಸಾಲದು.

ಈ ವಿಷಯದಲ್ಲಿ ನನ್ನ ಆಸಕ್ತಿಗೆ ಕಾರಣವನ್ನೂ ಹೇಳಬೇಕು. ನನ್ನ ಅಜ್ಜಿಯ ಅಣ್ಣ ಗದ್ದೆಗೆ ನೀರು ಕಟ್ಟುವ ಜಗಳದಲ್ಲಿ ಹತನಾದವರು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಆಟಿಯಲ್ಲಿ ಒಳಗೆ ಸಾಲಾಗಿ ಎಲೆಯಿಟ್ಟ ಬಳಿಕ ಅಜ್ಜಿ ಒಂದು ಎಲೆಯನ್ನು ಚಾವಡಿಯ ಹೊರಗೆ ಇಡುತ್ತಿದ್ದರು. "ಇದು ಯಾರಿಗೆ ಅಜ್ಜೀ?" ಎಂದು ಕೇಳಿದರೆ "ಒಳಗೆ ಬಾರದವರಿಗೆ ಮಗಾ" ಎಂದಷ್ಟೇ ಉತ್ತರ. ಹೆಸರನ್ನು ಅವರು ಹೇಳಿದ್ದಿಲ್ಲ. ಕೊಂದವರ ಮನೆ ಬಯಲಿನ ಆಚೆಯ ಬದಿಯಲ್ಲಿತ್ತು. ಎರಡು ಮನೆಗಳ ನಡುವೆ ನೀರು ಮುಟ್ಟುವ ಬಳಕೆಯಿರಲಿಲ್ಲ.

ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ನನ್ನ ಪಕ್ಕ ಕುಳಿತು, ಬುತ್ತಿಯಲ್ಲಿ ಪಾಲು ಕೊಡುತ್ತಿದ್ದ ಹುಡುಗ ಆ ಮನೆಯವನೆಂದು ನನಗೆ ತಿಳಿದದ್ದು ವರ್ಷಾಂತ್ಯದಲ್ಲಿ. ಅವನಿಗೂ ಆಗಲೇ ತಿಳಿಯಿತು. ನಾವು ಅದನ್ನು ಮಾತಾಡಲಿಲ್ಲ, ಬೆಂಚನ್ನೂ ಬದಲಿಸಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ.

ಅಜ್ಜಿ ತೀರಿಕೊಂಡ ಮರುವರ್ಷ ಆಟಿಯಲ್ಲಿ ಅಮ್ಮ ಆ ಎಲೆಯನ್ನು ಒಳಗೆ, ಅಜ್ಜಿಯ ಎಲೆಯ ಪಕ್ಕದಲ್ಲಿ ಇಟ್ಟರು. ಪ್ರಶ್ನೆ ಇಡಿಸಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. "ತಂಗಿ ಒಳಗಿದ್ದಾಳಲ್ಲ, ಇನ್ನು ಅವರೂ ಬರಲಿ" ಎಂದರು. ಅಮ್ಮನ ಬೊಜ್ಜಕ್ಕೆ ನನ್ನ ಆ ಸಹಪಾಠಿ ಕರೆಯದೆಯೇ ಬಂದ. ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಒಳಗೆ ಬಂದು, ಎಲ್ಲರೊಂದಿಗೆ ಸಾಲಿನಲ್ಲಿ ಕುಳಿತು ಉಂಡ.