ಅಂಜುವ ಮೀನಿಗೆ ಆಸರೆ: ಮನೆಯಲ್ಲಿ ಆರೆಂಜ್ ಕ್ರೋಮೈಡ್ ಸಾಕಣೆ



ಕೋಳಿ, ಆಡು, ಮಲ್ಲಿಗೆ ಕೃಷಿಯ ಜೊತೆಗೆ ಅಲಂಕಾರಿಕ ಮೀನು ಸಾಕಲೂ ಸಂಘದಲ್ಲಿ ಸಾಲ ಕೇಳುವವರಿದ್ದಾರೆ. ಒಳ್ಳೆಯದೇ. ಆದರೆ ತೊಟ್ಟಿ ತಂದ ದಿನವೇ ಮೀನನ್ನೂ ತಂದು, ವಾರ ಕಳೆಯುವುದರೊಳಗೆ ಮೀನೆಲ್ಲ ಸತ್ತು, ಕಟ್ಟಬೇಕಾದ ಕಂತು ಮಾತ್ರ ಉಳಿದರೆ ಏನು ಪ್ರಯೋಜನ? ಆದ್ದರಿಂದ ಈ ಸಲ ಒಂದೇ ಒಂದು ಮೀನಿನ ವಿಷಯವನ್ನು ಸರಿಯಾಗಿ ಕಲಿಯೋಣ.

ಯಾವ ಮೀನು?

ಸಿಕ್ಲಿಡ್ ಎಂಬುದು ಮೀನುಗಳ ದೊಡ್ಡ ಕುಟುಂಬ. ಇದರಲ್ಲಿ ಜಗಳಗಂಟಿ ಮೀನುಗಳೇ ಹೆಚ್ಚು. ಆರೆಂಜ್ ಕ್ರೋಮೈಡ್ ಹಾಗಲ್ಲ. ಅದು ಸಾಧು, ಅಂಜುಬುರುಕ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹೊಳೆಗಳಲ್ಲಿ, ಸಿಹಿನೀರು ಉಪ್ಪುನೀರು ಸೇರುವ ಅಳಿವೆಗಳಲ್ಲಿ ಇರುತ್ತದೆ. ಉದ್ದ ಸುಮಾರು 8 ಸೆಂ.ಮೀ. ಕೇರಳದವರು 2010ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ ಕರಿಮೀನ್ ಇದರ ಹತ್ತಿರದ ಸಂಬಂಧಿ. ಆದರೆ ಕರಿಮೀನ್ ಬಹಳ ದೊಡ್ಡದಾಗಿ ಬೆಳೆಯುವುದರಿಂದ ಮನೆಯ ತೊಟ್ಟಿಗೆ ಹೊಂದುವುದಿಲ್ಲ.

ಮೊದಲು ನೀರು, ಆಮೇಲೆ ಮೀನು

3 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಆರು ಮೀನಿಗೆ ಅಷ್ಟು ಸಾಕು. ನೀರಿನದ್ದೇ 100 ಕಿಲೋ ಭಾರ ಇರುವುದರಿಂದ ಗಟ್ಟಿ ಮೇಜು ಬೇಕು. ನಳ್ಳಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ತುಂಬಿಸಿ. ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಈ ಮೀನಿಗೆ ಸ್ವಲ್ಪ ಮೆದುವಾಗುತ್ತದೆ. ಚೆನ್ನಾಗಿ ತೊಳೆದ ಒಂದು ಹಿಡಿ ಕಪ್ಪೆಚಿಪ್ಪು ಹಾಕಿದರೆ ಸರಿಹೋಗುತ್ತದೆ.

ಮೀನಿನ ಮಲ, ಉಳಿದ ಆಹಾರ ಕೊಳೆತಾಗ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಇದನ್ನು ತಿಂದು ಕಡಿಮೆ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಲು 4ರಿಂದ 6 ವಾರ ಬೇಕು. ಅಲ್ಲಿಯ ತನಕ ಫಿಲ್ಟರ್ ಓಡಿಸುತ್ತಾ ದಿನಕ್ಕೆ ಚಿಟಿಕೆ ಮೀನಿನ ಆಹಾರ ಮಾತ್ರ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಿಟ್‌ನಿಂದ ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ತನ್ನಿ. ಹೊಸ ತೊಟ್ಟಿಯ ಮೀನು ಸಾಯುವುದು ದೃಷ್ಟಿ ತಾಗಿ ಅಲ್ಲ, ಈ ವಿಷದಿಂದ.

"ಸಿಸ್ಟರ್, ಮೀನು ಮೂಲೆ ಬಿಟ್ಟು ಬರೋದೇ ಇಲ್ಲ!"

ಹೀಗೆ ಹೇಳುವವರು ಹೆಚ್ಚಾಗಿ ಕಲ್ಲು, ಗಿಡ ಎಲ್ಲ ತೆಗೆದುಬಿಡುತ್ತಾರೆ, ಗಾಜು ತಟ್ಟಿ ಮೀನನ್ನು ಎಬ್ಬಿಸುತ್ತಾರೆ. ಮಾಡಬೇಕಾದ್ದು ಇದಕ್ಕೆ ತಿರುಗಿ.

• ಒಡೆದ ಮಡಕೆ ತುಂಡು, ಕುದಿಸಿದ ತೆಂಗಿನ ಗೆರಟೆ, ನೀರಿನ ಗಿಡ ಇಡಿ. ಓಡಿಹೋಗಲು ಜಾಗ ಇದೆ ಎಂಬ ಧೈರ್ಯ ಬಂದರೇನೇ ಮೀನು ಹೊರಗೆ ಬರುವುದು.
• ಒಂದೆರಡು ಸಾಕಬೇಡಿ, ಆರು ಎಳೆ ಮೀನು ಒಟ್ಟಿಗೆ ತನ್ನಿ.
• ಹಿಂದಿನ ಗಾಜಿಗೆ ಕಡು ಬಣ್ಣದ ಕಾಗದ ಅಂಟಿಸಿ. ಬಾಗಿಲು, ಟಿವಿ ಹತ್ತಿರ ಬೇಡ.
• ಮೊಲಿಯಂಥ ಸೌಮ್ಯ ಮೀನು ಮೇಲ್ಗಡೆ ಆರಾಮಾಗಿ ಈಜುತ್ತಿದ್ದರೆ ಇವಕ್ಕೂ ಭಯ ಕಡಿಮೆ. ಆಸ್ಕರ್, ಫ್ಲವರ್‌ಹಾರ್ನ್ ಜೊತೆ ಖಂಡಿತ ಬೇಡ.
• ದಿನಕ್ಕೆರಡು ಸಲ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ.
• ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಂಜನ್ನು ತೆಗೆದ ಆ ನೀರಿನಲ್ಲೇ ಹಿಂಡಿ. ನಳ್ಳಿ ನೀರಲ್ಲಿ ತೊಳೆದರೆ ಒಳ್ಳೆಯ ಜೀವಿಗಳೂ ಸಾಯುತ್ತವೆ.

ತಂದೆ ತಾಯಿ ಇಬ್ಬರೂ

ಜೋಡಿಯಾದ ಮೀನು ಕಲ್ಲು ಅಥವಾ ಮಡಕೆಯ ಮೇಲೆ ಸುಮಾರು 200 ಮೊಟ್ಟೆ ಅಂಟಿಸುತ್ತದೆ. ಗಂಡು ಹೆಣ್ಣು ಎರಡೂ ಕಾವಲು ಕಾಯುತ್ತವೆ. ಮರಿಗಳು ತಂದೆ ತಾಯಿಯ ಮೈಮೇಲಿನ ಲೋಳೆಯನ್ನೂ ತಿಂದು ಬೆಳೆಯುತ್ತವೆ. ಆದ್ದರಿಂದ ಮರಿಗಳನ್ನು ಅವಸರದಲ್ಲಿ ಬೇರ್ಪಡಿಸಬೇಡಿ. ಆಗ ಈ ಸಾಧು ಮೀನೂ ಉಳಿದವನ್ನು ಅಟ್ಟುತ್ತದೆ, ಬೇಕಾದರೆ ಉಳಿದ ಮೀನುಗಳನ್ನೇ ಬೇರೆ ತೊಟ್ಟಿಗೆ ಹಾಕಿ.

ಎರಡು ಎಚ್ಚರಿಕೆ

ಇದೇ ಕುಟುಂಬದ ಕೆನರಾ ಪರ್ಲ್‌ಸ್ಪಾಟ್ ಮೀನಿಗೆ ನಮ್ಮ ಕನ್ನಡ ಜಿಲ್ಲೆಯ ಹೆಸರೇ ಇದೆ. 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ ಅದನ್ನು ಗುರುತಿಸಿ ಹೆಸರಿಟ್ಟರು. ಕೆಲವೇ ಹೊಳೆಗಳಲ್ಲಿ ಉಳಿದಿರುವ ಅದನ್ನು ಹಿಡಿದು ತರಬೇಡಿ. ಹಾಗೆಯೇ ಬೇಡವಾದ ಮೀನನ್ನು ಕೆರೆ, ಹೊಳೆಗೆ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ಅದೂ ಸಿಕ್ಲಿಡ್, ಇಂದು ಎಷ್ಟೋ ಕೆರೆಗಳಲ್ಲಿ ತುಂಬಿ ಊರಿನ ಮೀನುಗಳ ಜಾಗ ಕಸಿದಿದೆ. ದೇವರ ಸೃಷ್ಟಿಯನ್ನು ಕಾಯುವುದೂ ನಮ್ಮ ಸಂಘದ ಕೆಲಸವೇ.

ಸಾಲ ಯಾವಾಗ?

ಮೊದಲು ಒಂದೇ ತೊಟ್ಟಿ, ಸ್ವಂತ ಉಳಿತಾಯದಲ್ಲಿ. ಖರ್ಚು, ಸತ್ತ ಮೀನು, ಮಾರಿದ ಮರಿ ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಒಂದು ಸಲದ ಮರಿ ಬೆಳೆಸಿ, ಕೊಳ್ಳುವ ಅಂಗಡಿಯನ್ನೂ ಗೊತ್ತು ಮಾಡಿಕೊಂಡ ಮೇಲೆ ಸಂಘದಲ್ಲಿ ಸಾಲದ ಮಾತು. ಸರಕಾರದ ಸಹಾಯಧನ ಇದೆಯೇ ಎಂದು ತಾಲೂಕು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಸಭೆಯಲ್ಲಿ ಚರ್ಚಿಸಿ

1. ಮೀನು ತರುವ ಮೊದಲು ಒಂದು ತಿಂಗಳು ಕಾಯುವುದರಿಂದ ಎಷ್ಟು ಹಣ ಉಳಿಯುತ್ತದೆ?
2. ನಿಮ್ಮ ಮನೆಯಲ್ಲಿ ಗಲಾಟೆಯಿಲ್ಲದ ಜಾಗ ಯಾವುದು?
3. ನಮ್ಮ ಸಂಘದಲ್ಲೂ ಮೂಲೆಯಲ್ಲಿ ಸುಮ್ಮನೆ ಕೂರುವ ಅಕ್ಕ ತಂಗಿಯರಿದ್ದಾರೆ. ಅವರು ಮಾತಾಡಲಿ ಎಂದು ನಾವು ಗಾಜು ತಟ್ಟುತ್ತಿದ್ದೇವೆಯೇ, ಆಸರೆ ಕೊಡುತ್ತಿದ್ದೇವೆಯೇ?