ಹೊಲದ ರಂಜಕ ಕೆರೆ ಸೇರುವ ದಾರಿ

ನಾನಿರುವುದು ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ. ಇಲ್ಲಿ ಹೊಲವಿಲ್ಲ, ಗದ್ದೆಯಿಲ್ಲ. ಸ್ವಲ್ಪ ದೂರ ನಡೆದರೆ ಹಲಸೂರು ಕೆರೆ ಸಿಗುತ್ತದೆ. ಬೇಸಿಗೆಯಲ್ಲಿ ಕೆರೆಯಂಚಿನ ನೀರು ಪಾಚಿ ಕಟ್ಟಿ ಹಸಿರಾಗಿ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಹೊಸಕೋಟೆ, ಮಾಲೂರು, ಕೋಲಾರದ ಕಡೆಯ ಹೊಲಗಳು ನೆನಪಾಗುತ್ತವೆ. ಈ ಕೆರೆ ಕೋಡಿ ಬಿದ್ದರೆ ನೀರು ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. 2018ರಿಂದೀಚೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು, ಎಂದರೆ ಎಲ್ಲರೂ ಕೆ.ಸಿ. ವ್ಯಾಲಿ ನೀರು ಅನ್ನುವುದು, ಪೈಪಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೂ ಹೋಗುತ್ತಿದೆ. ಪಟ್ಟಣದ ಬಚ್ಚಲಿಗೂ ಹಳ್ಳಿಯ ಹೊಲಕ್ಕೂ ಈಗ ಒಂದೇ ನೀರಿನ ನಂಟು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು, 2017ರ ಫೆಬ್ರವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಎದ್ದದ್ದು ಎಲ್ಲರಿಗೂ ಗೊತ್ತು. ಆ ಕೆರೆಗಳಿಗೆ ರಂಜಕ ಸುರಿದದ್ದು ನಗರದ ಕೊಳಚೆ ಮತ್ತು ಬಟ್ಟೆ ಸೋಪಿನ ಪುಡಿ; ಅದರ ಹೊಣೆ ರೈತರದಲ್ಲ. ಆದರೆ ಕೊಳಚೆಯ ಪೈಪೇ ಇಲ್ಲದ ನಮ್ಮ ಹಳ್ಳಿ ಕೆರೆಗಳಲ್ಲೂ ಅಂತರಗಂಗೆ ಹಬ್ಬುತ್ತಿದೆ, ದನ ಕುಡಿಯುವ ನೀರಿನ ಮೇಲೆ ಹಸಿರು ಕೆನೆ ಕಟ್ಟುತ್ತಿದೆ. ಅಲ್ಲಿಯ ರಂಜಕ ಹೊಲದ್ದು, ತಿಪ್ಪೆಯದ್ದು, ಕೊಟ್ಟಿಗೆಯದ್ದು.

ಕೆರೆ ಹಸಿರಾಗುವುದಕ್ಕೆ ರಂಜಕವೇ ಮುಖ್ಯ ಕಾರಣ ಎಂಬುದನ್ನು ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಒಂದೇ ಕೆರೆಗೆ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಸಾರಜನಕ ಮತ್ತು ಇಂಗಾಲ ಹಾಕಿದರು, ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಪಾಚಿ ಕಟ್ಟಿ ಹಸಿರಾಯಿತು, ಇನ್ನೊಂದು ಬದಿ ತಿಳಿಯಾಗೇ ಉಳಿಯಿತು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಮೀನು ಉಸಿರುಗಟ್ಟಿ ಸಾಯುತ್ತದೆ.

ಅದಕ್ಕೆ ಎಷ್ಟು ರಂಜಕ ಬೇಕು? ಬಹಳ ಬೇಡ. ಲೀಟರ್ ನೀರಿಗೆ 30 ಮೈಕ್ರೋಗ್ರಾಂ ಆಸುಪಾಸು ಆದರೆ ಪಾಚಿಗೆ ಸಾಕು. 50 ಕೆಜಿಯ ಒಂದು ಚೀಲ ಡಿಎಪಿ ಗೊಬ್ಬರದಲ್ಲಿ ರಂಜಕ ಪಿ2ಓ5 (ರಂಜಕದ ಆಕ್ಸೈಡ್) ಲೆಕ್ಕದಲ್ಲಿ 23 ಕೆಜಿ, ಬರಿಯ ರಂಜಕದ ಲೆಕ್ಕದಲ್ಲಿ 10 ಕೆಜಿ ಇರುತ್ತದೆ. ಆ 10 ಕೆಜಿ ಪೂರ್ತಿ ಕೆರೆಗೆ ಹೋದರೆ 33 ಕೋಟಿ ಲೀಟರ್ ನೀರನ್ನು ಆ ಮಟ್ಟಕ್ಕೆ ತರುತ್ತದೆ. ಸುಮಾರು 80 ಎಕರೆ ಕೆರೆಯಲ್ಲಿ ಒಂದು ಮೀಟರ್ ಆಳ ನಿಂತ ನೀರು ಅಷ್ಟಾಗುತ್ತದೆ. ಪೂರ್ತಿ ಚೀಲ ಯಾರ ಹೊಲದಿಂದಲೂ ಹೋಗುವುದಿಲ್ಲ, ನಿಜ. ಆದರೆ ಕೆರೆ ಕೆಡಲು ಕೆಲವೇ ಕೆಜಿ ಸಾಕು. ನಮ್ಮ ಬೆಳೆಗೆ ಅದು ಲೆಕ್ಕಕ್ಕೇ ಬಾರದಷ್ಟು. ಹಾಗಾಗಿಯೇ ಈ ನಷ್ಟ ರೈತನ ಗಮನಕ್ಕೆ ಬೀಳುವುದಿಲ್ಲ.

ಹಾಗಾದರೆ ನನ್ನ ಹೊಲ ಅಪಾಯದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅಮೆರಿಕದ ಮಣ್ಣು ವಿಜ್ಞಾನಿಗಳು 1990ರ ದಶಕದಲ್ಲಿ ಇದಕ್ಕೊಂದು ಸೂಚ್ಯಂಕ ಮಾಡಿದರು. ಅದರ ತಿರುಳು ಎರಡೇ ಪ್ರಶ್ನೆ. ಹೊಲದಲ್ಲಿ ರಂಜಕದ ದಾಸ್ತಾನು ಎಷ್ಟಿದೆ? ಅದು ನೀರಿಗೆ ಹೋಗಲು ದಾರಿ ಇದೆಯೇ? ದಾಸ್ತಾನು ತುಂಬಿದ್ದರೂ ಹೊಲ ಮಟ್ಟವಾಗಿದ್ದು ಹಳ್ಳದಿಂದ ದೂರವಿದ್ದರೆ ಭಯ ಕಡಿಮೆ. ಇಳಿಜಾರು ಕಡಿದಾಗಿದ್ದರೂ ಮಣ್ಣಿನಲ್ಲಿ ರಂಜಕ ಕಡಿಮೆ ಇದ್ದರೆ ಹೋಗುವುದೂ ಕಡಿಮೆ. ಎರಡೂ ಒಂದೇ ಜಾಗದಲ್ಲಿ ಕೂಡಿದರೆ ಮಾತ್ರ ಎಚ್ಚರ ಬೇಕು. ಸಾಮಾನ್ಯವಾಗಿ ಅಂಥ ಜಾಗ ಇಡೀ ಜಮೀನಲ್ಲ, ಒಂದು ಮೂಲೆ ಅಷ್ಟೇ. ಆ ಮೂಲೆಯನ್ನು ಪತ್ತೆ ಮಾಡುವುದೇ ಕೆಲಸ.

ಮೊದಲು ದಾಸ್ತಾನು ನೋಡಿ. ಮಣ್ಣು ಆರೋಗ್ಯ ಕಾರ್ಡ್ ತೆಗೆದು ರಂಜಕದ ಸಾಲು ಓದಿ. ಪಿ, ಎಂದರೆ ಬರಿಯ ರಂಜಕದ, ಲೆಕ್ಕದಲ್ಲಿದ್ದರೆ ಹೆಕ್ಟೇರಿಗೆ 10 ಕೆಜಿಗಿಂತ ಕೆಳಗಿರುವುದು ಕಡಿಮೆ, 25 ದಾಟಿದರೆ ಹೆಚ್ಚು. ಪಿ2ಓ5 ಲೆಕ್ಕದಲ್ಲಿದ್ದರೆ ಸುಮಾರು 23 ಮತ್ತು 56. ಯಾವ ಲೆಕ್ಕ ಎಂದು ಕೇಳಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ತರಕಾರಿ, ಸೊಪ್ಪು ಬೆಳೆಯುವ ಹೊಲಗಳಲ್ಲಿ ಡಿಎಪಿಯ ಜತೆಗೆ ಕೋಳಿ ಗೊಬ್ಬರವೂ ಬೀಳುತ್ತದೆ. ಕೋಳಿ ಗೊಬ್ಬರದಲ್ಲಿ ಸಾರಜನಕಕ್ಕೆ ಹೋಲಿಸಿದರೆ ರಂಜಕ ಜಾಸ್ತಿ. ಸಾರಜನಕದ ಲೆಕ್ಕ ಹಿಡಿದು ಲೋಡ್‌ಗಟ್ಟಲೆ ಹಾಕಿದರೆ ರಂಜಕ ಉಳಿದೇ ಉಳಿಯುತ್ತದೆ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಪಿ2ಓ5 ಲೆಕ್ಕದಲ್ಲಿ ಹೆಕ್ಟೇರಿಗೆ 40 ಕೆಜಿ ರಂಜಕ. ಎಕರೆಗೆ ಸುಮಾರು 35 ಕೆಜಿ ಡಿಎಪಿಯಲ್ಲಿ ಅದು ತೀರುತ್ತದೆ. ಪೂರ್ತಿ ಚೀಲ ಸುರಿಯುವವರು ಎಷ್ಟೋ ಮಂದಿ ಇದ್ದಾರೆ. ಕಾರ್ಡಿನಲ್ಲಿ ಹೆಚ್ಚು ಎಂದಿದ್ದರೆ 35 ಕೆಜಿಯನ್ನೂ ಇಳಿಸಬೇಕು. ಎಷ್ಟು ಇಳಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕಾರ್ಡ್ ತೋರಿಸಿ ಕೇಳಿ.

ಇನ್ನು ದಾರಿ. ಇದಕ್ಕೆ ಪ್ರಯೋಗಾಲಯ ಬೇಡ, ಮಳೆ ಬರುವಾಗ ಕೊಡೆ ಹಿಡಿದು ಹೊಲಕ್ಕೆ ಹೋಗಬೇಕು. ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತರ ಜತೆ ಹಾಗೆ ಹೋಗಿದ್ದೆ. ಎರಡು ಎಕರೆ ಕೆಂಪು ಮಣ್ಣಿನ ಹೊಲ, ರಾಗಿ ಬಿತ್ತಿ ವಾರವಾಗಿತ್ತು. ಹೊಲದ ಮುಕ್ಕಾಲು ಭಾಗದಲ್ಲಿ ನೀರು ಅಲ್ಲಲ್ಲೇ ಇಂಗುತ್ತಿತ್ತು. ಕೆಳಗಿನ ಮೂಲೆಯಲ್ಲಿ ಮಾತ್ರ ಬದು ಮುರಿದು, ಒಂದು ಗೇಣು ಅಗಲದ ಕೊರಕಲಿನಿಂದ ಇಟ್ಟಿಗೆ ಬಣ್ಣದ ನೀರು ಹಳ್ಳಕ್ಕೆ ಧುಮುಕುತ್ತಿತ್ತು. ನೀರಿನ ಬಾಟಲಿಯಲ್ಲಿ ಅದನ್ನು ಹಿಡಿದು ಜಗಲಿ ಮೇಲಿಟ್ಟೆವು. ಬೆಳಿಗ್ಗೆ ತಳದಲ್ಲಿ ಒಂದು ಬೆರಳು ದಪ್ಪ ನುಣ್ಣನೆ ಕೆಸರು ಕೂತಿತ್ತು. "ಇದು ಬರೀ ಮಣ್ಣಲ್ವಾ ಸಾರ್?" ಎಂದರು ಅವರು. ಬರೀ ಮಣ್ಣಲ್ಲ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದ ರಂಜಕ ಹೆಚ್ಚಾಗಿ ಇರುವುದು ಅತಿ ನುಣುಪಾದ ಕಣಗಳಲ್ಲಿ. ಮಳೆ ಮೊದಲು ಎತ್ತಿಕೊಂಡು ಹೋಗುವುದೂ ಅವನ್ನೇ. ಕೆಂಪು ನೀರು ಹರಿದರೆ ಡಿಎಪಿ ಹರಿದಂತೆಯೇ.

ನೀವೂ ಮಾಡಿ ನೋಡಿ. ಹೊಲದಿಂದ ನೀರು ಹೊರಬೀಳುವ ಜಾಗಗಳನ್ನು ಗುರುತಿಸಿ, ಮೂರು ನಾಲ್ಕು ಮಳೆಗೆ ಬಾಟಲಿ ಹಿಡಿಯಿರಿ. ಎಲ್ಲಿ ಕೆಸರು ಹೆಚ್ಚು ಕೂರುತ್ತದೋ ಆ ಬಾಯಿ ಮುಚ್ಚಬೇಕು. ನೂರು ಅಡಿ ಉದ್ದಕ್ಕೆ ನೆಲ ಎಷ್ಟು ಅಡಿ ಇಳಿಯುತ್ತದೆ ಎಂಬುದನ್ನು ಗಾರೆ ಕೆಲಸದವರ ನೀರಿನ ಪೈಪಿನಿಂದ ಅಳೆದು ಬರೆದಿಡಿ. ಆ ನೀರು ಹೊಲ ದಾಟಿದ ಮೇಲೆ ಎಲ್ಲಿ ಹೋಗುತ್ತದೆ ಎಂದು ಹಿಂದೆಯೇ ನಡೆದು ನೋಡಿ. ಪಕ್ಕದ ಹುಲ್ಲುಗಾವಲಿನಲ್ಲಿ ಹರಡಿ ನಿಂತರೆ ಚಿಂತೆಯಿಲ್ಲ. ನೇರವಾಗಿ ರಾಜಕಾಲುವೆಗೋ ಕೆರೆಗೋ ಬಿದ್ದರೆ ಅದೇ ನಿಮ್ಮ ಅಪಾಯದ ಮೂಲೆ. ಕೆರೆ ಪಕ್ಕದಲ್ಲಿ ತಿಪ್ಪೆ ಇದ್ದರೆ ಅದಕ್ಕೆ ಬಾಟಲಿ ಬೇಕಿಲ್ಲ, ತಿಪ್ಪೆಯನ್ನೇ ಮೇಲಕ್ಕೆ ಸರಿಸಿ. ಅಲ್ಲಿಂದ ಇಳಿಯುವ ಕಪ್ಪು ನೀರಿನಲ್ಲಿ ರಂಜಕ ಕರಗಿಯೇ ಇರುತ್ತದೆ, ಪಾಚಿಗೆ ಸಿದ್ಧ ಊಟ.

ಮೂಲೆ ಸಿಕ್ಕ ಮೇಲೆ ಕೆಲಸ ದೊಡ್ಡದಲ್ಲ. ಬದು ಕಟ್ಟಿ ಅದರ ಮೇಲೆ ಲಾವಂಚ ನೆಡಿ. ಗುಂಡ್ಲುಪೇಟೆ ಕಡೆ ಲಾವಂಚದ ಸಾಲೇ ಹೊಲದ ಎಲ್ಲೆಯಾಗಿ ಹಿಂದಿನಿಂದ ಇದೆ. ಅದರ ಬೇರು ಆಳಕ್ಕಿಳಿಯುತ್ತದೆ, ಬುಡ ಜರಡಿಯಂತೆ ಕೆಸರು ಹಿಡಿಯುತ್ತದೆ. ಹಸು ಇದ್ದವರು ನೇಪಿಯರ್ ಹುಲ್ಲು ಹಾಕಿಕೊಳ್ಳಿ, ಮೇವೂ ಸಿಗುತ್ತದೆ. ಗೊಬ್ಬರವನ್ನು ಎರಚಬೇಡಿ. ಕೂರಿಗೆಯಲ್ಲಿ ಬೀಜದ ಸಾಲಿಗೆ, ಬೀಜಕ್ಕಿಂತ ಸ್ವಲ್ಪ ಕೆಳಗೆ ಬೀಳುವಂತೆ ಹಾಕಿ. ರಂಜಕ ಮಣ್ಣಿನಲ್ಲಿ ತಾನಾಗಿ ನಡೆಯುವುದಿಲ್ಲ, ಬೇರಿನ ಹತ್ತಿರ ಇದ್ದರೆ ಬೆಳೆಗೆ, ಮೇಲ್ಮೈಯಲ್ಲಿ ಇದ್ದರೆ ಮಳೆಗೆ. ಮೇಘದೂತ್ ಆ್ಯಪ್‌ನಲ್ಲಿ ಜೋರು ಮಳೆಯ ಮುನ್ಸೂಚನೆ ಇದ್ದರೆ ಎರಡು ಮೂರು ದಿನ ತಡೆಯಿರಿ. 1,350 ರೂಪಾಯಿಯ ಚೀಲವನ್ನು ಹಳ್ಳಕ್ಕೆ ಸುರಿಯುವುದಕ್ಕಿಂತ ಬಿತ್ತನೆ ಎರಡು ದಿನ ತಡವಾಗುವುದೇ ಮೇಲು.

ಹಾಯಿಸುವ ನೀರಿನಿಂದ ಹೊಲಕ್ಕೆ ಬರುವ ರಂಜಕವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆ.ಸಿ. ವ್ಯಾಲಿ ನೀರನ್ನು ಕೆರೆಗೆ ಬಿಡುವುದು ಅಂತರ್ಜಲ ಏರಲಿ ಎಂದು. ಆದರೆ ವರ್ತೂರಿನಿಂದ ಕೆಳಗೆ ದಕ್ಷಿಣ ಪಿನಾಕಿನಿಯ ನೀರನ್ನೇ ಮೋಟಾರಿನಲ್ಲಿ ಎತ್ತಿ ಸೊಪ್ಪು, ಮೇವು ಬೆಳೆಯುವ ರೈತರಿದ್ದಾರೆ. ಆ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ರಂಜಕ ಇದೆ ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಒಂದು ಬೆಳೆಯ ಅವಧಿಯಲ್ಲಿ 400 ಮಿಲಿಮೀಟರ್ ನೀರು ಹಾಯಿಸಿದರೆ ಮೂರು ಕೆಜಿಗೂ ಮೀರಿ ರಂಜಕ ಬರುತ್ತದೆ, ಎಂದರೆ 16 ಕೆಜಿ ಡಿಎಪಿಯಷ್ಟು. ಅದರ ಮೇಲೆ ಮತ್ತೆ ಪೂರ್ತಿ ಗೊಬ್ಬರ ಹಾಕಿದರೆ ಮಣ್ಣಿನ ದಾಸ್ತಾನು ವರ್ಷ ವರ್ಷವೂ ಏರುತ್ತದೆ. ಅಂಥವರು ಮಣ್ಣಿನ ಜತೆ ನೀರನ್ನೂ ಪರೀಕ್ಷೆಗೆ ಕೊಡಬೇಕು.

ಹೋದದ್ದನ್ನು ಮರಳಿ ತರುವ ದಾರಿ ನಮ್ಮ ಹಿರಿಯರಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಟ್ಟಲೆ ಗೋಡು ಹೊಡೆದು ಹೊಲಕ್ಕೆ ಹರಡುತ್ತಿದ್ದರಲ್ಲ, ಆ ಗೋಡಿನಲ್ಲಿ ಇರುವುದು ನಮ್ಮದೇ ಹೊಲಗಳಿಂದ ಕೊಚ್ಚಿ ಹೋದ ನುಣ್ಣನೆ ಮಣ್ಣು, ಅದಕ್ಕೆ ಅಂಟಿದ ರಂಜಕ. ಕೊಳಚೆ ಸೇರದ ಹಳ್ಳಿ ಕೆರೆಯ ಗೋಡು ಇಂದಿಗೂ ಒಳ್ಳೆಯ ಗೊಬ್ಬರ. ನಗರದ ನೀರು ಸೇರುವ ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಪರೀಕ್ಷೆ ಮಾಡಿಸದೆ ತರಬೇಡಿ. ಗೋಡು ಹೊಡೆದ ವರ್ಷ ಹೊಸದಾಗಿ ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಸಿಕ್ಕಷ್ಟನ್ನು ಡಿಎಪಿಯಿಂದ ಕಳೆಯಿರಿ.