ಡಿಜಿಟಲ್ ಕ್ಯಾಮೆರಾ ಕೈಕೊಟ್ಟಾಗ: ದುರಸ್ತಿಗೆ ಒಯ್ಯುವ ಮುನ್ನ

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯು ಜಿಲ್ಲಾ ಹಾಲು ಒಕ್ಕೂಟದ ಡೇರಿಯಿಂದಲೂ ಕೈಗಾರಿಕಾ ಪ್ರದೇಶದಿಂದಲೂ ಹೆಸರಾದ ಊರು. ಇಂತಹ ಸ್ಥಳದ ಸಣ್ಣ ಘಟಕಕ್ಕೆ ಕ್ಯಾಮೆರಾ ವಿಲಾಸದ ವಸ್ತುವಲ್ಲ. ಖರೀದಿದಾರನಿಗೆ ಸರಕಿನ ಮಾದರಿ ತೋರಿಸಲು, ಸಾಗಣೆಯಲ್ಲಿ ಜಖಂಗೊಂಡ ಪೆಟ್ಟಿಗೆಯ ಚಿತ್ರವನ್ನು ವಿಮಾ ಕಂಪನಿಗೆ ಸಲ್ಲಿಸಲು ಅದು ಬೇಕಾಗುತ್ತದೆ. ಈಗ ಬಹುಪಾಲು ಕೆಲಸ ಮೊಬೈಲಿನಲ್ಲಿಯೇ ನಡೆಯುತ್ತಿದ್ದರೂ ಹಳೆಯ ಕ್ಯಾಮೆರಾವನ್ನು ಬೀರುವಿನಿಂದ ಹೊರತೆಗೆಯುವವರು ಇದ್ದೇ ಇದ್ದಾರೆ. ಅದು ಕೆಟ್ಟಾಗ ಆಗುವ ನಷ್ಟ ಯಂತ್ರದ್ದಕ್ಕಿಂತ ಒಳಗಿರುವ ಚಿತ್ರಗಳದ್ದೇ ಹೆಚ್ಚು.

ಕ್ಯಾಮೆರಾ ಚಾಲೂ ಆಗದಿದ್ದರೆ ಮೊದಲು ಬ್ಯಾಟರಿಯನ್ನು ಶಂಕಿಸತಕ್ಕದ್ದು. ಅಂಗಡಿಯ ಸಾಧಾರಣ ಪೆನ್ಸಿಲ್ ಸೆಲ್ಲುಗಳ ಮೇಲೆ 1.5 ವೋಲ್ಟ್ ಎಂದಿದ್ದರೂ ಕ್ಯಾಮೆರಾ ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಅವು ಪೂರೈಸಲಾರವು. 1.2 ವೋಲ್ಟಿನ ರೀಚಾರ್ಜ್ ಸೆಲ್ಲುಗಳು ಈ ಕೆಲಸಕ್ಕೆ ಮೇಲು. ಸೆಲ್ ತಗಲುವ ಲೋಹದ ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಕಾರ್ಡಿನ ವಿಷಯದಲ್ಲಿ ಅವಸರ ಸಲ್ಲದು. ಚಿತ್ರ ದಾಖಲಾಗದಿದ್ದಲ್ಲಿ ಎಸ್‌ಡಿ ಕಾರ್ಡಿನ ಪಕ್ಕದ ಚಿಕ್ಕ ಲಾಕ್ ಕೆಳಗೆ ಸರಿದಿದೆಯೇ ಎಂದು ನೋಡಬೇಕು. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಕಾರ್ಡನ್ನು ಅದಕ್ಕೂ ಮುಂಚಿನ ಕ್ಯಾಮೆರಾಗಳು ಸಾಮಾನ್ಯವಾಗಿ ಓದುವುದಿಲ್ಲ; ಅದು ಕಾರ್ಡಿನ ದೋಷವಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿದಾಗ ಒಪ್ಪಬಾರದು. ಕಾರ್ಡನ್ನು ತೆಗೆದು, ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕು. ಅಳಿಸಿಹೋದ ಚಿತ್ರಗಳನ್ನು ಮರಳಿ ಪಡೆಯುವ ತಂತ್ರಾಂಶಗಳಿವೆ, ಆದರೆ ಅದೇ ಕಾರ್ಡಿನಲ್ಲಿ ಹೊಸ ಚಿತ್ರ ತೆಗೆದರೆ ಹಳೆಯದರ ಜಾಗವನ್ನು ಹೊಸದು ಆಕ್ರಮಿಸಿಬಿಡುತ್ತದೆ.

ಪರದೆ ಕಪ್ಪಾಗಿ ಅಥವಾ ನೇರಳೆ ಗೆರೆಗಳಿಂದ ತುಂಬಿ ಕಂಡರೆ ಹಿಂದೆ ತೆಗೆದ ಚಿತ್ರವೊಂದನ್ನು ತೆರೆದು ನೋಡುವುದು ಸುಲಭದ ಪರೀಕ್ಷೆ. ಅದೂ ಕೆಟ್ಟು ಕಂಡರೆ ದೋಷ ಬಹುತೇಕ ಪರದೆಯದು. ಅದು ಸ್ವಚ್ಛವಾಗಿದ್ದು ಹೊಸ ಚಿತ್ರ ಮಾತ್ರ ಕೆಟ್ಟಿದ್ದರೆ ಬೆಳಕನ್ನು ಗ್ರಹಿಸುವ ಸಂವೇದಕದ್ದು. ಇದಕ್ಕೆ ಹಿನ್ನೆಲೆಯೂ ಉಂಟು. ಸೋನಿ ತಯಾರಿಸಿದ ಕೆಲವು ಸಿಸಿಡಿ ಸಂವೇದಕಗಳಲ್ಲಿ ಬಿಸಿ ಮತ್ತು ತೇವದ ಹವೆಯಿಂದ ಒಳಗಿನ ತಂತಿಯ ಬೆಸುಗೆ ಬಿಡುವ ದೋಷ 2005ರಲ್ಲಿ ಬಹಿರಂಗವಾಯಿತು. ಅವನ್ನು ಬಳಸಿದ್ದ ಕ್ಯಾನನ್, ನಿಕಾನ್ ಮೊದಲಾದ ಕಂಪನಿಗಳೂ ಆಗ ಉಚಿತ ದುರಸ್ತಿ ಘೋಷಿಸಿದ್ದವು. ಅಂತಹ ದೋಷ ಮನೆಯಲ್ಲಿ ಸರಿಹೋಗದು.

ಹಾಲು ಶೇಖರಿಸುವ ಶೀತಲ ಕೊಠಡಿಯಿಂದ ಕ್ಯಾಮೆರಾವನ್ನು ನೇರವಾಗಿ ಹೊರಬಿಸಿಲಿಗೆ ತಂದರೆ ಮಸೂರದ ಮೇಲೆ ಮಂಜು ಕಟ್ಟುತ್ತದೆ. ಒಳಗಿರುವಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿ ಹೊರತಂದರೆ ತೇವ ಕವರಿನ ಹೊರಮೈಯಲ್ಲೇ ನಿಲ್ಲುತ್ತದೆ. ಕ್ಯಾಮೆರಾ ಬೆಚ್ಚಗಾದ ಮೇಲೆ ತೆರೆಯಬಹುದು.

ಮಸೂರ ಅರ್ಧಕ್ಕೇ ನಿಂತರೆ ಮರಳಿನ ಕಣ ಸಿಕ್ಕಿರಬಹುದು. ಊದುವ ರಬ್ಬರ್ ಬುಗ್ಗೆಯಿಂದ ಗಾಳಿ ಹಾಯಿಸಿ ನೋಡಬಹುದೇ ವಿನಾ ಬಲವಂತವಾಗಿ ತಳ್ಳಬಾರದು. ಸ್ಕ್ರೂ ಬಿಚ್ಚುವುದಂತೂ ಬೇಡ: ಫ್ಲಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಸಂಗ್ರಹವಾಗಿರುತ್ತದೆ, ಬ್ಯಾಟರಿ ತೆಗೆದ ಬಳಿಕವೂ ಅದು ಶಾಕ್ ಹೊಡೆಯಬಲ್ಲದು.